ಮೆಕ್ಯಾನಿಕ್ಕು ಹೊರಗೆ ಕೂತಿದ್ದ ಮ್ಯಾಚು

ಮೊನ್ನೆ ಮೊಳಕಾಲ್ಮೂರಿಗೆ ಹೋಗೋ ಬಸ್ಸಿನಲ್ಲಿ, ತಳಕು ದಾಟಿದ ಮೇಲೆ, ಪಕ್ಕದ ಸೀಟಿನ ಗಂಡಸು ಪಂಚೆ ಮೇಲಕ್ಕೆತ್ತಿ ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳೋಕೆ ಶುರು ಮಾಡಿದ. ಬಸ್ಸಿನ ತುಂಬ ವಾಸನೆ. ಮುಂದಿನ ಸೀಟಿನ ಹೆಂಗಸು ಮೂಗಿಗೆ ಸೆರಗು ಇಟ್ಕೊಂಡಳು. ನಾನು ಇಟ್ಕೊಳ್ಳಲಿಲ್ಲ. ಎಷ್ಟೋ ವರ್ಷ ಸಂಜೆ ಆದ್ರೆ ಸಾಕು, ಮಿರ್ಚಿ ಕರಿಯೋ ವಾಸನೆ ಜೊತೆಗೆ ಈ ವಾಸನೆನೂ ಕುಡಿದೋಳು ನಾನು...

ಚಳ್ಳಕೆರೆಯಲ್ಲಿ ನಮ್ಮ ಮನೆ ಪಕ್ಕದಲ್ಲೇ ಒಬ್ಬ ಮೆಕ್ಯಾನಿಕ್ಕಿನ ಗ್ಯಾರೇಜು. ಲಾರಿ ಗೇರ್‌ಬಾಕ್ಸ್ ಬಿಚ್ಚಿ ಕಟ್ಟೋನು. ಮನೇಲಿ ಉರ್ದು, ನನ್ನ ಹತ್ರ ಕನ್ನಡ, ಲಾರಿ ಹತ್ರ ಎರಡರಲ್ಲೂ ಬೈಗುಳ. ನಾನು ಮೈದಾನದ ಮೂಲೆಯಲ್ಲಿ ಮಂಡಕ್ಕಿ ಮಿರ್ಚಿ ಗಾಡಿ ಇಟ್ಟಿದ್ದೆ. ಅವನು ಕೆಲಸ ಮುಗಿಸಿ, ಮರದ ಹೊಟ್ಟಿನಲ್ಲಿ ಕೈಯ ಗ್ರೀಸು ಉಜ್ಜಿಕೊಂಡು, ನನ್ನ ಬೆಂಚಿನ ಮೇಲೆ ಬಂದು ಕೂರ್ತಿದ್ದ. ಬಲಗಾಲಿನ ಚಿಪ್ಪಿಗೆ ಎಣ್ಣೆ ತಿಕ್ಕಿ, ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿಕೊಂಡು, ಮೈದಾನಕ್ಕೆ ಇಳಿತಿದ್ದ. ಫುಟ್‌ಬಾಲ್ ಆಡೋಕೆ.

ನಮ್ಮೂರಲ್ಲಿ ಕ್ರಿಕೆಟ್ಟಿನೋರೇ ಜಾಸ್ತಿ. ಆದ್ರೆ ಫುಟ್‌ಬಾಲಿಂದೂ ಒಂದು ಗುಂಪು ಇತ್ತು. ಎಣ್ಣೆ ಮಿಲ್ಲಿನ ಹಮಾಲಿಗಳು, ಟೈಲರುಗಳು, ಗ್ಯಾರೇಜಿನೋರು. ನಂಗೆ ಆ ಆಟದ ಕಾನೂನು ಇವತ್ತಿಗೂ ಗೊತ್ತಿಲ್ಲ. ಆದ್ರೆ ನನ್ನ ಬಾಣಲೆ ಇದ್ದಿದ್ದು ಗೋಲಿನ ಕಂಬದ ಹಿಂದೆ. ಎಲ್ಲರೂ ಚೆಂಡು ಒದಿಯೋರನ್ನ ನೋಡ್ತಿದ್ರು, ನಾನು ಚೆಂಡು ತಡಿಯೋರನ್ನ ನೋಡ್ತಿದ್ದೆ.

ತಡಿಯೋರಲ್ಲಿ ಮೆಕ್ಯಾನಿಕ್ಕಿನಂಥವನು ಇರಲಿಲ್ಲ, ಅದರಲ್ಲಿ ಸುಳ್ಳಿಲ್ಲ. ಚೆಂಡು ಎಲ್ಲಿಗೆ ಬರ್ತದೆ ಅಂತ ಮೊದಲೇ ಗೊತ್ತಿರೋನಂಗೆ ಹೋಗಿ ನಿಂತಿರ್ತಿದ್ದ. ಜನ ಅವನಿಗೆ ಕೋಟೆ ಅಂತ ಹೆಸರಿಟ್ಟಿದ್ರು. "ಹಿಂದೆ ಕೋಟೆ ಐತೆ, ಬಿಡ್ರಲೇ" ಅಂತ ಉಳಿದೋರೆಲ್ಲ ಮುಂದಕ್ಕೆ ಓಡ್ತಿದ್ರು. ಅವನು ಬಿದ್ದು ಎದ್ದು ಚೆಂಡು ಕಿತ್ಕೊಂಡ್ರೆ ಶಿಳ್ಳೆ. ಆಗ ಜನ ನನ್ನ ಗಾಡಿಗೂ ಬರ್ತಿದ್ರು, ಅದೂ ನಿಜ.

ಆದ್ರೆ ನಂಗೆ ಹಿಂದಿನಿಂದ ಕಾಣ್ತಿದ್ದಿದ್ದು ಬೇರೆ. ಅವನ ಎಡಗಡೆ ಒಬ್ಬ ಹಮಾಲಿ ಆಡ್ತಿದ್ದ. ಶೇಂಗಾ ಮೂಟೆ ಹೊತ್ತೂ ಹೊತ್ತೂ ಎತ್ತಿನಂಗಿದ್ದ, ಓಟದಲ್ಲಿ ಯಾರಿಗೂ ಕಮ್ಮಿ ಇಲ್ಲ. ಆದ್ರೆ ಚೆಂಡು ತನ್ನ ಕಡೆ ಬಂದ್ರೆ ಚೆಂಡು ನೋಡ್ತಿರಲಿಲ್ಲ, ಮೆಕ್ಯಾನಿಕ್ಕಿನ ಮುಖ ನೋಡ್ತಿದ್ದ. ಇನ್ನಿಬ್ಬರು ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿರೋರು. ಅತ್ತೆ ಗಟ್ಟಿಗಿತ್ತಿ ಆದ್ರೆ ಸೊಸೆಗೆ ಮುದ್ದೆ ತಿರುವೋಕೂ ಬರಲ್ಲ, ಹಂಗೆ. ನಾಕು ಜನರ ಕೆಲಸ ಅವನೊಬ್ಬನೇ ಓಡಾಡಿ ಮಾಡ್ತಿದ್ದ. ನಾನು ನೇಕಾರರ ಮನೆ ಮಗಳು. ಮಗ್ಗಕ್ಕೆ ಕಟ್ಟಿದ ಹಾಸಿನ ಎಳೆಗಳಲ್ಲಿ ಒಂದು ಎಳೆ ಮಾತ್ರ ಬಿಗಿಯಾಗಿದ್ರೆ ಸೀರೆ ಗಟ್ಟಿ ಆಗಲ್ಲ. ಆ ಎಳೆನೇ ಮೊದಲು ಕಿತ್ತು ಬರ್ತದೆ.

ಬಂತು. ಒಂದು ಬೇಸಿಗೇಲಿ ಅವನ ಮೊಣಕಾಲು ಮೂಸಂಬಿ ಹಣ್ಣಿನಂಗೆ ಊದಿಕೊಂಡಿತು. ಡಾಕ್ಟ್ರು ಚೆಂಡು ಬಿಡು, ಇಲ್ಲಾಂದ್ರೆ ಗ್ಯಾರೇಜು ಬಿಡು ಅಂದ್ರಂತೆ. ಲಾರಿ ಕೆಳಗೆ ಕುಕ್ಕರುಗಾಲಲ್ಲಿ ಕೂರಬೇಕಾದ ಕೆಲಸ, ಕಾಲು ಮಡಚೋಕೆ ಬರದಿದ್ರೆ ಮನೆಗೆ ಅನ್ನ ಎಲ್ಲಿಂದ? ಅವನು ಚೆಂಡು ಬಿಡೋದು ಅಂತ ತೀರ್ಮಾನ ಮಾಡಿದ.

ಅಷ್ಟೊತ್ತಿಗೆ ಮೊಳಕಾಲ್ಮೂರಿನಲ್ಲಿ ಮ್ಯಾಚು ಗೊತ್ತು ಮಾಡಿ ಆಗಿತ್ತು. ನಮ್ಮ ಟೀಮಿನ ಕ್ಯಾಪ್ಟನ್ನು ಕಿರಾಣಿ ಅಂಗಡಿಯವನು, ಬಾಯಿ ಜೋರು. ಓಡಿ ಬಂದ. ನನ್ನ ಗಾಡಿ ಮುಂದೇನೇ ಪಂಚಾಯ್ತಿ.

"ಲೇ, ನೀನಿಲ್ದಿದ್ರೆ ನಮ್ದು ಬಾಗಿಲಿಲ್ಲದ ಮನೆ ಕಣಲೇ" ಅಂದ ಕ್ಯಾಪ್ಟನ್ನು.

"ಬಾಗಿಲು ಹಾಕಿಸ್ಕೋ. ಬಡಗಿ ಸತ್ತೋಗವ್ನಾ?" ಅಂದ ಮೆಕ್ಯಾನಿಕ್ಕು.

"ಒಂದೇ ಮ್ಯಾಚು. ಊರಿನ ಮರ್ಯಾದೆ."

"ಮರ್ಯಾದೆ ಬಂದು ನನ್ ಗೇರ್‌ಬಾಕ್ಸ್ ಬಿಚ್ತೈತಾ?"

ಕ್ಯಾಪ್ಟನ್ನು ನನ್ನ ಕಡೆ ತಿರುಗಿದ. "ನೀನಾದ್ರೂ ಹೇಳವ್ವ. ಒಬ್ಬ ಇದ್ರೆ ಸಾಕು, ಟೀಮು ನಿಲ್ತದೆ."

"ಒಂದೇ ಕಂಬದ ಮೇಲೆ ನಿಲ್ಲೋದು ಟೆಂಟು, ಮನೆಯಲ್ಲ" ಅಂದೆ. "ಗಾಳಿ ಬಂದ್ರೆ ಮೊದಲು ಹಾರೋದು ಅದೇ."

ಮೆಕ್ಯಾನಿಕ್ಕು ನಕ್ಕ. ನಕ್ಕು, ಕ್ಯಾಪ್ಟನ್ನಿಗೆ ಒಂದು ಮಾತು ಹೇಳಿದ. "ಬರ್ತೀನಿ. ಹೊರಗೆ ಕೂರ್ತೀನಿ. ಒಳಗೆ ಕರೀಬೇಡ. ಅಲ್ಲೀವರೆಗೂ ಹಿಂದಿನ ನಾಕೂ ಜನರನ್ನ ನನ್ ಕೈಗೆ ಬಿಡು."

ಮಾರನೇ ದಿನ ಗ್ಯಾರೇಜಿನಿಂದ ಹಗ್ಗ ತಂದ. ಕೆಟ್ಟು ನಿಂತ ಲಾರಿನ ಎಳ್ಕೊಂಡು ಬರೋ ದಪ್ಪ ಹಗ್ಗ. ಹಮಾಲಿ, ಇನ್ನಿಬ್ಬರು ಹಿಂದಿನೋರು, ಮೆಕ್ಯಾನಿಕ್ಕಿನ ಜಾಗಕ್ಕೆ ಬಂದ ಹೊಸಬ, ಈ ನಾಕೂ ಜನರ ಸೊಂಟಕ್ಕೆ ಸಾಲಾಗಿ ಆ ಹಗ್ಗ ಕಟ್ಟಿದ. ನಡುವೆ ಸ್ವಲ್ಪ ಸ್ವಲ್ಪ ಸಡಿಲ ಬಿಟ್ಟಿದ್ದ, ಅಷ್ಟೇ. "ಒಬ್ಬ ಚೆಂಡಿಗೆ ಹೋದ್ರೆ ಮೂರು ಜನ ಅವನ ಹಿಂದೆ ಸರೀಬೇಕು. ಸರೀದಿದ್ರೆ ಹಗ್ಗ ಸರಿಸ್ತೈತೆ" ಅಂದ.

ಮೈದಾನದ ಸುತ್ತ ನಗೋ ನಗು. "ಏನಣ್ಣಾ, ಕುರಿ ಮಾರೋಕೆ ತಂದಿದೀಯಾ?" "ಹಲ್ಲು ನೋಡಿ ತಗೊಳ್ರಪ್ಪೋ!" ಹಮಾಲಿ ಎಡಕ್ಕೆ ಓಡಿದ್ರೆ ಉಳಿದ ಮೂವರು ದಬ್ಬಂತ ಬೀಳೋರು. ಒಬ್ಬನ ಮೇಲೊಬ್ಬ. ಧೂಳೋ ಧೂಳು, ನನ್ನ ಮಂಡಕ್ಕಿ ಮೇಲೆಲ್ಲ ಧೂಳು. ಗೋಲಿನ ಮೇಲೆ ಗೋಲು ಬೀಳ್ತಿತ್ತು. ಕ್ಯಾಪ್ಟನ್ನು ತಲೆ ಚಚ್ಕೊಳ್ತಿದ್ದ. ಮೆಕ್ಯಾನಿಕ್ಕು ನನ್ನ ಬೆಂಚಿನ ಮೇಲೆ ಕಾಲು ನೀಡಿಕೊಂಡು ಕೂತಿದ್ದೋನು, "ಬೀಳ್ಲಿ, ಬೀಳ್ಲಿ. ಇಲ್ಲೇ ಬೀಳ್ಲಿ" ಅಂತಿದ್ದ. ಹಮಾಲಿ ತಿರುಗಿ ಇವನ ಮುಖ ನೋಡಿದ್ರೆ ಇವನು ಬೇಕಂತಲೇ ನನ್ನ ಬಾಣಲೆ ಕಡೆ ನೋಡೋನು. "ನನ್ ಮುಖದಾಗೆ ಚೆಂಡೈತಾ? ಅಲ್ಲಿ ನೋಡಲೇ!"

ಬರಬರ್ತಾ ಬೀಳೋದು ಕಮ್ಮಿ ಆತು. ಒಂದಿನ ಹಗ್ಗ ಬಿಚ್ಚಿದ. ಬಿಚ್ಚಿದ್ರೂ ನಾಕೂ ಜನ ಹಗ್ಗ ಇದ್ದಂಗೇ ಸರಿದಾಡಿದ್ರು. ಮಗ್ಗದಲ್ಲಿ ಹಾಸು ಎದ್ದು ಇಳಿದಂಗೆ. ನಗೋರು ನಗೋದು ಬಿಟ್ಟು ಎದ್ದು ಹೋದ್ರು. ಯಾಕಂದ್ರೆ ನೋಡೋಕೆ ಅದರಲ್ಲಿ ಏನೂ ಮಜಾ ಇರಲಿಲ್ಲ. ಯಾರೂ ಹಾರಲ್ಲ, ಯಾರೂ ಬೀಳಲ್ಲ, ಚೆಂಡು ಒಳಗೆ ಬರೋದೇ ಇಲ್ಲ. ಮೆಕ್ಯಾನಿಕ್ಕಿನ ಮುಖ ಮಾತ್ರ ನೋಡಬೇಕಿತ್ತು ಆವತ್ತು... ತಾನು ಕಟ್ಟಿದ ಇಂಜಿನ್ನು ಮೊದಲನೇ ಸಲ ಸ್ಟಾರ್ಟ್ ಆದಾಗ ಇರ್ತಿತ್ತಲ್ಲ, ಅಂಥ ಮುಖ.

ಮ್ಯಾಚಿಗೆ ನಾನೂ ಹೋದೆ. ಮೊಳಕಾಲ್ಮೂರು ನನ್ನ ತವರು. ನನ್ನ ಕಡೇ ತಮ್ಮ ಮನೇಲಿ ಸೀರೆ ನೇಯೋನು, ಅಲ್ಲಿನ ಟೀಮಿಗೆ ಮುಂದೆ ಆಡ್ತಿದ್ದ. ಗೋಲು ಹೊಡೆಯೋದೇ ಅವನ ಕೆಲಸ. ನಾನು ತವರಿನೋರ ನಡುವೆ ಕೂತಿದ್ದೆ, ಮನಸ್ಸು ಚಳ್ಳಕೆರೆ ಕಡೆ. ಸುತ್ತ ಅರ್ಧ ಕನ್ನಡ ಅರ್ಧ ತೆಲುಗು. "ಕೊಟ್ಟರಾ! ಕೊಟ್ಟು!" ಒದಿ, ಒದಿ ಅಂತ.

ಮೆಕ್ಯಾನಿಕ್ಕು ಗೆರೆ ಆಚೆ ಕುರ್ಚಿ ಮೇಲೆ ಕೂತಿದ್ದ. ಆಟದ ಬಟ್ಟೆ ಹಾಕ್ಕೊಂಡೇ ಕೂತಿದ್ದ. ಅದನ್ನ ಹಾಕ್ಕೊಳ್ಳದೇ ಇದ್ದಿದ್ರೆ ಚೆನ್ನಾಗಿತ್ತು ಅಂತ ಆಮೇಲೆ ಅನ್ನಿಸ್ತು. ಕ್ಯಾಪ್ಟನ್ನು ಹಾಕ್ಕೋ ಅಂದಿದ್ದ, ಎದುರಿನೋರಿಗೆ ಹೆದರಿಕೆ ಇರ್ಲಿ ಅಂತ.

ಆಟ ಅರ್ಧ ದಾಟಿತು. ಎರಡೂ ಕಡೆ ಗೋಲಿಲ್ಲ. ನನ್ನ ತಮ್ಮ ಬಲಕ್ಕೆ ಹೋದ್ರೂ ನಾಕು ಜನ, ಎಡಕ್ಕೆ ಬಂದ್ರೂ ನಾಕು ಜನ. ಹಮಾಲಿ ಒಂದ್ಸಲಾನೂ ಕುರ್ಚಿ ಕಡೆ ತಿರುಗಲಿಲ್ಲ. ಇಷ್ಟು ಚೆನ್ನಾಗಿ ನಡೀತಿದ್ದಾಗ ಚಳ್ಳಕೆರೆಯಿಂದ ಟೆಂಪೋದಲ್ಲಿ ಬಂದಿದ್ದ ನಮ್ಮ ಜನಕ್ಕೆ ತಡೀಲಿಲ್ಲ. ಅವರು ನೋಡೋಕೆ ಬಂದಿದ್ದು ಕೋಟೆನ. ಕೋಟೆ ಕುರ್ಚಿ ಮೇಲೆ ಕೂತಿದ್ರೆ ಅವರಿಗೆ ಹೆಂಗೆ ಸಮಾಧಾನ? "ಕೋಟೆ! ಕೋಟೆ!" ಅಂತ ಶುರು ಮಾಡಿದ್ರು. ಕ್ಯಾಪ್ಟನ್ನು ಗೆರೆ ಹತ್ರ ಓಡಿ ಬಂದು ಕೈ ಜೋಡಿಸಿದ. "ಕೊನೇಲಿ ಸ್ವಲ್ಪ ಹೊತ್ತು. ಗೋಲು ಬಿದ್ರೆ ನನ್ನ ಸಾಯ್ಸಿಬಿಡ್ತಾರೆ ಕಣಲೇ."

ಅವನು ತಲೆ ಅಲ್ಲಾಡಿಸಿದ, ಬೇಡ ಅಂತ. ಜನ ಇನ್ನೂ ಜೋರಾಗಿ ಕೂಗಿದ್ರು. ಅವನು ಬಗ್ಗಿ ಟ್ಯೂಬಿನ ಪಟ್ಟಿ ಬಿಗಿ ಮಾಡ್ಕೊಳ್ಳೋದು ಕಂಡಿತು. ನಾನು ಇದ್ದಲ್ಲಿಂದಲೇ, "ಕೂತ್ಕೊಳೋ!" ಅಂತ ಕಿರುಚಿದೆ. ಎಲ್ಲಿ ಕೇಳ್ತದೆ...

ಹೆಸರು ಹಿಡಿದು ಊರಿಗೆ ಊರೇ ಕೂಗಿದ್ರೆ ಕೂತ್ಕೊಂಡಿರೋಕೆ ಕಲ್ಲಾಗಬೇಕು. ಅವನು ಕಲ್ಲಲ್ಲ, ಜನ ಹೆಸರಿಟ್ಟಿದ್ದು ಹಂಗೆ ಅಷ್ಟೇ. ಎದ್ದ. ಹೊಸಬನ್ನ ಹೊರಗೆ ಕಳಿಸಿ ಇವನು ಒಳಗೆ ಹೋದ.

ಅವನು ಕಾಲಿಟ್ಟ ಕೂಡಲೇ ಆದದ್ದು ನಾನು ಕಣ್ಣಾರೆ ನೋಡಿದೆ. ಹಮಾಲಿಯ ಹೆಗಲು ಇಳಿದು ಹೋಯ್ತು. ಮೂಟೆ ಇಳಿಸಿದಂಗೆ. ಇನ್ನಿಬ್ಬರು ಮುಂದಕ್ಕೆ ಓಡಿದ್ರು. ಸಾಲು ಹರಿದೋಯ್ತು. ನನ್ನ ತಮ್ಮ ಚೆಂಡು ತಗೊಂಡು ನೇರ ಮೆಕ್ಯಾನಿಕ್ಕಿನ ಮೇಲೇ ಬಂದ. ಇವನು ತಿರುಗಿದ, ಮೊಣಕಾಲು ತಿರುಗಲಿಲ್ಲ. ಬಿದ್ದ. ಅವನ ಹಿಂದೆ ಸರಿದು ನಿಲ್ಲಬೇಕಾಗಿದ್ದ ಹಮಾಲಿ ನಿಂತಲ್ಲೇ ನಿಂತು ಅವನನ್ನೇ ನೋಡ್ತಿದ್ದ. ಗೋಲು. ನನ್ನ ತವರಿನೋರೆಲ್ಲ ಎದ್ದು ಕುಣಿದ್ರು. ನಾನೂ ಎದ್ದೆ, ಬೇರೆ ಕಾರಣಕ್ಕೆ. ಮೆಕ್ಯಾನಿಕ್ಕು ಬಿದ್ದಲ್ಲಿಂದ ಏಳಲಿಲ್ಲ. ಎತ್ಕೊಂಡು ಹೋದ್ರು.

ಊರಿಗೆ ಬರೋ ಹೊತ್ತಿಗೆ ತಪ್ಪು ಯಾರದು ಅಂತ ತೀರ್ಮಾನ ಆಗಿತ್ತು. ಹಮಾಲಿದು. "ಕೋಟೆ ಒಬ್ಬನೇ ಎಷ್ಟು ಅಂತ ಮಾಡ್ತಾನೆ? ಮುರುಕು ಕಾಲಲ್ಲೂ ಊರಿಗೋಸ್ಕರ ಇಳಿದ. ಉಳಿದೋರು ಕತ್ತೆಗಳು." ಮೆಕ್ಯಾನಿಕ್ಕು ಕೋಲು ಊರಿಕೊಂಡು ನನ್ನ ಗಾಡಿ ಹತ್ರ ಬಂದು ಎಲ್ಲರ ಮುಂದೆ ಹೇಳಿದ. "ಅವನದ್ದೇನಿಲ್ಲ. ನಾನು ಹೊರಗಿದ್ದಾಗ ಚೆಂಡು ಒಳಗೆ ಬಂದಿತ್ತಾ? ನಾನು ಹೋಗಿ ಕೆಡಿಸ್ದೆ. ಅಲ್ಲಾ ಕಸಮ್, ನಾನೇ ಕೆಡಿಸ್ದೆ." ಜನ ಏನಂದ್ರು ಗೊತ್ತಾ? "ನೋಡ್ರಪ್ಪಾ, ಎಂಥಾ ದೊಡ್ಡ ಮನಸ್ಸು!" ಅಂದ್ರು. ಅವನ ಹೆಸರು ಇನ್ನೂ ದೊಡ್ಡದಾಯ್ತು, ಹಮಾಲಿದು ಇನ್ನೂ ಸಣ್ಣದಾಯ್ತು. ಹಮಾಲಿ ಮೈದಾನಕ್ಕೆ ಬರೋದೇ ಬಿಟ್ಟ.

ಮೆಕ್ಯಾನಿಕ್ಕಿಗೆ ಆಮೇಲೆ ಕುಕ್ಕರುಗಾಲಲ್ಲಿ ಕೂರೋಕೆ ಆಗಲೇ ಇಲ್ಲ. ಕೆಲವು ದಿನ ಹಳೇ ಲಾರಿ ಸೀಟಿನ ಮೇಲೆ ಕೂತು ಬೇರೆಯೋರ ಕೈಲಿ ಕೆಲಸ ಮಾಡಿಸಿದ. ಡ್ರೈವರುಗಳು ಅವನ ಕೈ ನಂಬಿ ಬರ್ತಿದ್ದೋರು, ಅವನ ಬಾಯಿ ನಂಬಿ ಅಲ್ಲ. ಬರೋದು ಕಮ್ಮಿ ಮಾಡಿದ್ರು. ಗ್ಯಾರೇಜು ಹೋಗಿ ನಟ್ಟು ಬೋಲ್ಟಿನ ಅಂಗಡಿ ಆಯ್ತು. ಹೊಟ್ಟೆಗೇನೂ ಮೋಸ ಆಗಲಿಲ್ಲ. ಆದ್ರೆ ಕೈಗೆ ಗ್ರೀಸು ಇಲ್ಲದ ಮೆಕ್ಯಾನಿಕ್ಕನ್ನ ದಿನಾ ನೋಡೋದು ಕಷ್ಟ.

ಒಂದೇ ಮಾತು ಕೇಳೋನು, ಹಬ್ಬಕ್ಕೆ ಬಿರಿಯಾನಿ ಕೊಡೋಕೆ ಬಂದಾಗ, ಇಲ್ಲಾ ಸುಮ್ಮನೆ ಬಾಗಿಲಲ್ಲಿ ನಿಂತಾಗ.

"ಅವ್ವಾ, ನಾನು ಒಳಗೆ ಹೋಗ್ದೇ ಇದ್ದಿದ್ರೆ ಆ ಸಾಲು ನಿಲ್ತಿತ್ತಾ?"

ಕಾಲು ಹೋದದ್ದಕ್ಕೆ ಅವನು ಅತ್ತಿದ್ದು ನಾನು ನೋಡಿಲ್ಲ. ಇದು ಮಾತ್ರ ಅವನನ್ನ ತಿಂತಿತ್ತು. ಆ ನಾಕು ಜನ ನಿಜವಾಗ್ಲೂ ಗಟ್ಟಿಯಾಗಿದ್ರಾ, ಇಲ್ಲಾ ಆವತ್ತು ಎದುರಿನೋರ ನಸೀಬು ಸರಿ ಇರಲಿಲ್ವಾ? ಗಟ್ಟಿಯಾಗಿದ್ರೆ ತಾನು ಒಂದು ಒಳ್ಳೇ ವಸ್ತು ಮಾಡಿ ತಾನೇ ಮುರಿದಂಗೆ. ಇಲ್ಲಾಂದ್ರೆ ತಾನು ಏನೂ ಮಾಡಿದ್ದೇ ಇಲ್ಲ. ನಿಲ್ತಿತ್ತು ಬಿಡೋ ಅಂತ ಹೇಳಬಹುದಿತ್ತು. ಗೊತ್ತಿಲ್ಲದ್ದನ್ನ ಹೇಳೋ ಅಭ್ಯಾಸ ನಂಗಿಲ್ಲ. "ನಂಗೇನು ಗೊತ್ತು, ನಾನು ಮಿರ್ಚಿ ಕರಿಯೋಳು" ಅಂತಿದ್ದೆ. "ನೀನು ಹಿಂದಿಂದ ನೋಡ್ದೋಳಲ್ವಾ" ಅನ್ನೋನು...

ಹೋದ ವರ್ಷ ಅಂಗಡಿಯಲ್ಲಿ ಕೂತಲ್ಲೇ ಎದೆ ನಿಂತು ಹೋದ.

ಮೊನ್ನೆ ಬಸ್ಸಿಳಿದು ತಮ್ಮನ ಮನೆಗೆ ಹೋದೆ. ಅವನು ಮಗ್ಗದಲ್ಲಿ ಕೂತಿದ್ದ. ಆ ಮ್ಯಾಚಿನ ಸುದ್ದಿ ನಾವಿಬ್ಬರೂ ಎತ್ತಿದ್ದೇ ಇಲ್ಲ. ಗೆದ್ದ ಹೊಸದರಲ್ಲಿ ಅವನು ಮೀಸೆ ತಿರುವಿದ್ದಕ್ಕೆ ನಾನು ಬೈದಿದ್ದೆ, ಅಲ್ಲಿಗೆ ಮುಗಿದಿತ್ತು. ಮೊನ್ನೆ ಯಾಕೋ ನಾನೇ ಕೇಳಿದೆ. ಮೆಕ್ಯಾನಿಕ್ಕು ಒಳಗೆ ಬರದಿದ್ರೆ ಗೋಲು ಆಗ್ತಿತ್ತಾ ಅಂತ.

ಅವನು ಕೈ ನಿಲ್ಲಿಸಿದ. "ಎಲ್ಲಿಂದ ಅಕ್ಕಯ್ಯ? ಆಟ ಎಲ್ಲ ಓಡ್ತಾ ಇದೀನಿ, ಒಂದು ಸಂದು ಸಿಗ್ಲಿಲ್ಲ. ಎಲ್ಲಿ ಹೋದ್ರೂ ಆ ಮೂಟೆ ಹೊರೋನು ನಿಂತಿರೋನು. ನಾನು ಕೈ ಬಿಟ್ಟಿದ್ದೆ. ಆಮೇಲೆ ನಿಮ್ಮ ಕೋಟೆ ಒಳಗೆ ಬಂದ. ಆಗ ನಂಗೆ ಧೈರ್ಯ ಬಂತು. ನಾಕು ಜನರನ್ನ ದಾಟೋಕೆ ಆಗ್ತಿರಲಿಲ್ಲ, ಒಬ್ಬನ್ನ ದಾಟಬಹುದು ಅಂತ."

ಅಷ್ಟು ಹೇಳಿ ಮತ್ತೆ ನೇಯೋಕೆ ಶುರು ಮಾಡಿದ. ಅವನಿಗೆ ಅದು ಹಳೇ ಆಟದ ಸುದ್ದಿ, ಅಷ್ಟೇ. ನಂಗೆ ಊಟ ಸೇರಲಿಲ್ಲ.

ನಿನ್ನೆ ಚಳ್ಳಕೆರೆಗೆ ವಾಪಸ್ ಬಂದು ಸೀದಾ ಹಮಾಲಿ ಮನೆಗೆ ಹೋದೆ. ಈಗ ಅವನ ಬೆನ್ನು ಬಾಗಿದೆ, ಮಿಲ್ಲಿಗೆ ಹೋಗಲ್ಲ. ಬಾಗಿಲಲ್ಲಿ ಕೂತಿದ್ದ. ತಮ್ಮ ಹೇಳಿದ್ದನ್ನ ಒಂದಕ್ಷರ ಬಿಡದೆ ಹೇಳಿದೆ. ಬಾಯಿ ಬಿಟ್ಕೊಂಡು ಕೇಳಿದ. ಮುಖ ಅರಳಿತು. ಎಷ್ಟೋ ವರ್ಷದ ಮೂಟೆ ಇಳಿದಂಗೆ ಎದ್ದು ನಿಂತ.

"ಮೆಕ್ಯಾನಿಕ್ಕಿಗೆ ಹೇಳಿದ್ಯೇನವ್ವಾ?" ಅಂದ.

ಅಂದ ಮೇಲೆ ಅವನಿಗೇ ನೆನಪಾಯ್ತು, ಹೇಳೋಕೆ ಮೆಕ್ಯಾನಿಕ್ಕು ಇಲ್ಲ ಅಂತ. ಅವನ ಹೆಂಡತಿ ಒಳಗಿಂದ ಬಂದು, ಯಾಕೆ ಇಬ್ಬರೂ ನಿಂತೇ ಇದೀರಾ, ಕೂತ್ಕೊಳ್ರಿ ಅಂದಳು.