ಹೊಕ್ಕಳ ಕೆಳಗಿನ ಬರೆ

ಮೊನ್ನೆ ಕಮಲಾಪುರದ ಪೇಷಂಟೊಬ್ಬರು ನನ್ನ ಟೇಬಲ್ಲಿನ ಮೇಲೆ ಕೆಂಪು ಬಾಳೆಹಣ್ಣು ಇಟ್ಟು ಹೋದರು. ಒಂದನ್ನು ಸುಲಿದೆ. ಆ ಘಮ ಮೂಗಿಗೆ ಬಡಿದದ್ದೇ ತಡ, ನಮ್ಮ ಆಸ್ಪತ್ರೆಯ ಆಯಾ ಎದುರಿಗೆ ಬಂದು ನಿಂತಂತಾಯಿತು. ಕಲಬುರಗಿಯ ಆಸ್ಪತ್ರೆಯೊಂದಕ್ಕೆ ನಾನು ಹೊಸದಾಗಿ ಸರ್ಜನ್ ಆಗಿ ಸೇರಿದ್ದ ಕಾಲ. ಆಯಾ ಕಮಲಾಪುರದಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದರು. ಅವರ ಚೀಲದಲ್ಲಿ ನನಗೊಂದು ಹಣ್ಣು ಇದ್ದೇ ಇರುತ್ತಿತ್ತು. “ಮೊದಲ ತಿನ್ರಿ. ಹಸಕೊಂಡು ನಿಂತ್ರ ಕೈ ನಡಗ್ತಾವ,” ಎನ್ನುತ್ತಿದ್ದರು. ತಿಂದು ಮುಗಿಸುವವರೆಗೆ ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಆಪರೇಷನ್‌ಗೆ ಹೋಗುವ ಹೆಂಗಸರ ಹೊಟ್ಟೆ ತೊಳೆದು, ಹೊಕ್ಕಳಿಗೆ ಎಣ್ಣೆ ಬಿಟ್ಟು ಕೊಳೆ ತೆಗೆಯುವುದು ಅವರ ಕೆಲಸ. ಅವರಷ್ಟು ಹೊಟ್ಟೆಗಳನ್ನು ನಮ್ಮ ದೊಡ್ಡ ಡಾಕ್ಟರರೂ ನೋಡಿರಲಿಕ್ಕಿಲ್ಲ. ನಮ್ಮ ಕಡೆ ಕೂಸಿನ ಹೊಟ್ಟೆ ಉಬ್ಬಿದರೆ ಕಾಸಿದ ಬಳೆಚೂರಿನಿಂದ ಬರೆ ಹಾಕುತ್ತಿದ್ದರು. ಹಾಗಾಗಿ ಎಷ್ಟೋ ಜನರ ಹೊಟ್ಟೆಯ ಮೇಲೆ ಸಣ್ಣ ಸಣ್ಣ ಗೆರೆಗಳು. ಒಮ್ಮೆ ಅಂಥದೊಂದು ಗೆರೆ ಕಂಡು, ಬರೆಯೇ ಇರಬೇಕೆಂದು ಮುಂದೆ ಸರಿದೆ. ಆಯಾ ನನ್ನ ಕೋಟು ಹಿಡಿದು ಜಗ್ಗಿದರು.

“ಮೇಡಂರೀ, ಕಣ್ಣು ಕಿಸೇದಾಗ ಇಟ್ಟೀರೇನು? ಬರೆಗ ಯಾರರ ಹೊಲಿಗಿ ಹಾಕ್ತಾರೇನ್ರಿ? ಎರಡೂ ಕಡಿ ಚುಕ್ಕಿ ನೋಡ್ರಿ.”

ಆ ಚುಕ್ಕಿಗಳಿಗೆ ಯಾಕಿಷ್ಟು ಮಹತ್ವ ಎಂದರೆ, ಬರೆ ಸುಡುವುದು ಚರ್ಮವನ್ನು ಮಾತ್ರ. ಹಳೆಯ ಆಪರೇಷನ್ ಆಗಿದ್ದರೆ ಗಾಯದ ಒಳಮಗ್ಗುಲಿಗೆ ಕರುಳು ಅಂಟಿಕೊಂಡಿರಬಹುದು. ಸಣ್ಣ ರಂಧ್ರದ ಆಪರೇಷನ್‌ನಲ್ಲಿ ಮೊದಲು ಹೊಕ್ಕಳ ಹತ್ತಿರ ಸೂಜಿ ಚುಚ್ಚಿ ಹೊಟ್ಟೆಗೆ ಗಾಳಿ ತುಂಬುವುದು ರೂಢಿ. ಕ್ಯಾಮೆರಾ ಒಳಗೆ ಹೋಗುವುದು ಆಮೇಲೆ. ಕರುಳು ಅಲ್ಲೇ ಅಂಟಿದ್ದರೆ ಕಾಣದ ಸೂಜಿ ಅದಕ್ಕೇ ತೂತು ಹಾಕುತ್ತದೆ, ಜೀವಕ್ಕೇ ಕುತ್ತು ಬರುತ್ತದೆ.

ಕೆಲವು ವರ್ಷಗಳ ಮೇಲೆ ಆಯಾರ ಪಿತ್ತಕೋಶದಲ್ಲೇ ಹರಳಾಯಿತು. ನಾನೇ ಆಪರೇಷನ್ ಮಾಡಬೇಕೆಂದು ಹಟ ಹಿಡಿದರು. ಹೊಟ್ಟೆ ನೋಡಿದೆ. ಮೇಲೆ ನಾಲ್ಕು ಬರೆ, ಹೊಕ್ಕಳ ಕೆಳಗಿನ ಮಡಿಕೆಯಲ್ಲಿ ಇನ್ನೊಂದು ಗೆರೆ. ಇದೇನು ಎಂದು ಕೇಳಿದೆ.

“ಅದೂ ಬರೆನೇ ರೀ. ನಮ್ಮವ್ವ ಹಾಕಿದ್ದು.”

ಬಗ್ಗಿ ನೋಡಿದರೆ ಎರಡೂ ಕಡೆ ಮಾಸಿದ ಚುಕ್ಕಿಗಳು... ಆಯಾ ಮಾತ್ರ ಫ್ಯಾನು ನೋಡುತ್ತಿದ್ದರು. ಮಂಚದ ಪಕ್ಕದಲ್ಲಿ ಅವರ ಮುದಿ ಅತ್ತೆ ಎಲೆ ಅಡಿಕೆ ಜಗಿಯುತ್ತ ಕೂತಿದ್ದರು. ಸಂಜೆ ಆಯಾ ಒಬ್ಬರೇ ಇದ್ದಾಗ ಮತ್ತೆ ಕೇಳಿದೆ. ಅದೇ ಉತ್ತರ. ನನಗೆ ಪಾಠ ಹೇಳಿದವರು ತಮ್ಮ ಹೊಟ್ಟೆಯ ವಿಷಯದಲ್ಲಿ ಸುಳ್ಳು ಹೇಳುತ್ತಾರಲ್ಲ ಎಂದು ಸಿಟ್ಟೇ ಬಂತು.

ಮರುದಿನ ಥಿಯೇಟರ್ ಬಾಗಿಲಲ್ಲಿ ಅತ್ತೆ ನನ್ನ ಕೈ ಹಿಡಿದು ಮೂಲೆಗೆ ಎಳೆದರು.

“ಡಾಕ್ಟರಬಾಯಿ, ಆಕಿಗಿ ಹೊಕ್ಕಳ ಕೆಳಗ ಮಕ್ಕಳಾಗದ ಆಪರೇಷನ್ ಆಗ್ಯಾದ. ಎರಡನೇದೂ ಹೆಣ್ಣಾದಾಗ ಗಂಡು ಬೇಕಂತ ನಾ ಭಾಳ ಕಾಡಿದ್ದೆ. ನನಗ ಹೆದರಿ, ತವರಾಗಿದ್ದಾಗ ಮಾಡಿಸ್ಕೊಂಡಾಳ. ಕೀವಾಗಿ ತಿಂಗಳ ಮಲಗಿದ್ಳು. ನನಗ ತಿಳೀದಂಗ ಇರ್ತದೇನ್ರಿ? ಆಕಿ ಜೀವಕ್ಕ ಏನೂ ಆಗಬಾರದು ನೋಡ್ರಿ. ಆದ್ರ ನಾ ಹೇಳೀನಂತ ಹೇಳಬ್ಯಾಡ್ರಿ, ಭಾಳ ನಾಚ್ಕೋತಾಳ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಒಳಗೆ ಹೋಗಿ, ಹೊಕ್ಕಳ ತಂಟೆಗೇ ಹೋಗಲಿಲ್ಲ. ನಳಿಕೆ ಇಳಿಸಿ ಜಠರ ಖಾಲಿ ಮಾಡಿಸಿದೆ. ಎಡಗಡೆ ಪಕ್ಕೆಲುಬಿನ ಕೆಳಗೆ, ಸಾಮಾನ್ಯವಾಗಿ ಅಂಟು ಇರದ ಜಾಗದಲ್ಲಿ ಮೆಲ್ಲಗೆ ಸೂಜಿ ಇಳಿಸಿ, ಗಾಳಿ ತುಂಬಿ, ಕ್ಯಾಮೆರಾ ಬಿಟ್ಟೆ. ಬೇಕಾದರೆ ಹೊಟ್ಟೆ ದೊಡ್ಡದಾಗಿ ತೆರೆಯಲು ಸಾಮಾನೂ ಪಕ್ಕದಲ್ಲಿ ಸಿದ್ಧವಿತ್ತು. ಪರದೆಯ ಮೇಲೆ ಹೊಕ್ಕಳ ಒಳಭಾಗ ಕಂಡಿತು. ಕರುಳಿನ ಒಂದು ಸುತ್ತು ಅಲ್ಲಿಗೆ ಬಿಗಿಯಾಗಿ ಅಂಟಿಕೊಂಡಿತ್ತು. ಅದನ್ನು ಮುಟ್ಟದೆ ಪಿತ್ತಕೋಶ ಮಾತ್ರ ತೆಗೆದೆ.

ಎಚ್ಚರವಾದ ಮೇಲೆ ಆಯಾ ಮೆಲ್ಲಗೆ ಹೊಟ್ಟೆ ಸವರಿಕೊಂಡರು. ಎಡಗಡೆಯ ಪಟ್ಟಿ ಕೈಗೆ ಸಿಕ್ಕಿದ್ದೇ ಮುಖ ಅರಳಿತು. ಅತ್ತೆಯ ಕಡೆ ಕಳ್ಳನೋಟ ಬೀರಿ ಪಿಸುಗುಟ್ಟಿದರು: “ನೀವು ನೋಡೇ ನೋಡ್ತೀರಿ ಅಂತ ಗೊತ್ತಿತ್ತು. ಅತ್ತಿ ಮುಂದ ಬಾಯಿ ಬಿಡಬ್ಯಾಡ್ರಿ ಮತ್ತ.” ಅತ್ತೆ ಏನೂ ಕೇಳಿಸದವರಂತೆ ಕಿಟಕಿಯಾಚೆ ನೋಡುತ್ತಿದ್ದರು. ಇಬ್ಬರ ನಡುವೆ ನಿಂತು ನಗು ತಡೆದುಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು.

ಅತ್ತೆ ತೀರಿಕೊಂಡ ಮೇಲಾದರೂ ಆಯಾಗೆ ಹೇಳಬಹುದಿತ್ತು. ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಕೊಟ್ಟ ಮಾತು, ಯಾವತ್ತಾದರೂ ಹೇಳಿದರಾಯಿತು ಎಂದು ಸುಮ್ಮನಿದ್ದೆ... ಹೋದ ವರ್ಷ ಆಯಾ ಕೂಡ ಹೋದರು.

ನಿನ್ನೆ ಭಾನುವಾರ, ಮನಸ್ಸು ತಡೆಯದೆ ಕಮಲಾಪುರಕ್ಕೆ ಹೋಗಿ ಅವರ ಹಿರಿಮಗಳನ್ನು ಕಂಡೆ. ಚಹಾ ಕೊಡುತ್ತ ಅವಳೆಂದಳು: “ಅವ್ವ ಕಡೀತನಕ ಅಜ್ಜಿ ಹೆಸರು ತಗದ್ರ ಅಳತಿದ್ಳ್ರಿ. ಆಕಿಗಿ ಒಂದು ಸುಳ್ಳು ಹೇಳಿ ಮೋಸ ಮಾಡೀನಿ ಅಂತಿದ್ಳು. ಏನಂತ ಕೇಳಿದ್ರ ಹೇಳಲಿಲ್ಲ.”

ಆ ಸುಳ್ಳು ಅಜ್ಜಿಗೆ ಮೊದಲಿನಿಂದಲೂ ಗೊತ್ತಿತ್ತು, ಅವರಿಗೆ ಸಿಟ್ಟೇನೂ ಇರಲಿಲ್ಲ ಎಂದು ಮಗಳಿಗೆ ಹೇಳಿದೆ. ಕೇಳಬೇಕಾಗಿದ್ದವರು ಇರಲಿಲ್ಲ.