ಹನ್ನೊಂದು ಗಂಟೆಯ ಬಡಿತ

ಬ್ಯಾಡಗಿಯ ಆ ಬಾಡಿಗೆ ಮನೆಯಲ್ಲಿ ಹಗಲು ಹನ್ನೊಂದರ ಸುಮಾರಿಗೆ ಯಾರೋ ಹಿಂಬಾಗಿಲು ಬಡಿಯುತ್ತಿದ್ದರು. ಎದ್ದು ತೆರೆದರೆ ಯಾರೂ ಇರುತ್ತಿರಲಿಲ್ಲ. ಬಿಸಿಲು, ಒಣಗಲು ಹರವಿದ ಮೆಣಸಿನಕಾಯಿ, ಅಷ್ಟೇ. ಆ ಕೆಂಪು ಮಾತ್ರ ಉಸಿರಾಡುತ್ತಿರುವಂತೆ ಕಾಣುತ್ತಿತ್ತು.

ಆಗ ನನಗೆ ಹತ್ತೊಂಬತ್ತು. ಹನ್ನೆರಡನೆಯ ವಯಸ್ಸಿನಿಂದಲೇ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗಾಜಿನ ಸಿರಿಂಜು ಕುದಿಸಿ ನಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೆ. ಸಕ್ಕರೆ ಏರೀತೆಂದು ಹೆದರಿ ಅರ್ಧ ರೊಟ್ಟಿಯಷ್ಟೇ ತಿನ್ನುತ್ತಿದ್ದೆ. ಆ ಮನೆಯಲ್ಲಿ ಮೊದಲಿದ್ದ ಹೆಂಗಸು ಅಡುಗೆಮನೆಯಲ್ಲೇ ಸತ್ತಿದ್ದಳಂತೆ. "ಆಕಿನಾ ಕರ್ಯಾಕತ್ತಾಳ, ಬಾಗಿಲಾ ತಗೀಬ್ಯಾಡ" ಎಂದು ಅವ್ವ ನನ್ನ ಕೈಗೆ ಕರಿದಾರ ಕಟ್ಟಿದಳು.

ಒಂದು ದಿನ ಅವ್ವ ಕಾಗಿನೆಲೆಗೆ ಹೋಗಿದ್ದಳು. ಪಕ್ಕದ ಮನೆಯ ಚಾಚಿ ನನ್ನ ಜೊತೆ ಕುಳಿತು ಅಕ್ಕಿ ಆರಿಸುತ್ತಿದ್ದರು. ಬಡಿತ ಶುರುವಾಯಿತು.

"ಚಾಚಿ, ಯಾರೋ ಬಡ್ಯಾಕತ್ತಾರ. ಕೇಳ್ಸಂಗಿಲ್ಲೇನ್ರಿ?"

"ಇಲ್ಲವ್ವಾ, ಏನೂ ಸಪ್ಪಳ ಇಲ್ಲ."

ಅವರ ತುಟಿ ಅಲುಗಿ ಎಷ್ಟೋ ಹೊತ್ತಿನ ಮೇಲೆ ಮಾತು ಕೇಳಿಸಿತು. ದಿನಾ ನೋಡುವ ಮುಖ ಗುರುತು ಸಿಗದಂತಾಯಿತು. ಅವರು ನನ್ನ ಎದೆಯ ಮೇಲೆ ಅಂಗೈ ಇಟ್ಟವರೇ ಥಟ್ಟನೆ ತೆಗೆದರು.

"ಯಾ ಅಲ್ಲಾ! ಬಾಗಿಲಾ ಅಲ್ಲವ್ವಾ, ನಿನ್ನ ಎದಿ ಬಡ್ಯಾಕತ್ತೈತಿ. ಮೈ ಎಲ್ಲಾ ತಣ್ಣಗ ಬೆವತೈತಿ!"

ಸಕ್ಕರೆ ನೀರು ತಂದರು. "ಸಕ್ರಿ ಬ್ಯಾಡ, ಸಾಯ್ತೇನಿ" ಎಂದು ಹಲ್ಲು ಕಚ್ಚಿದೆ. ಬೈದು ಕುಡಿಸಿದರು. ಹದಿನೈದು ನಿಮಿಷದಲ್ಲಿ ಬಡಿತ ದೂರ ಸರಿದು ನಿಂತಿತು.

ಮುಂದಿನ ವಾರ ಅವ್ವನ ಜೊತೆ ರಾಣೆಬೆನ್ನೂರಿನ ಡಾಕ್ಟರರ ಬಳಿ ಹೊರಟೆ. ಮೋಟೆಬೆನ್ನೂರಿನ ಹತ್ತಿರ ಬಸ್ಸು ಕೆಟ್ಟು ಊಟದ ಹೊತ್ತು ಮೀರಿತು. ದವಾಖಾನೆಯ ಬೆಂಚಿನ ಮೇಲೆಯೇ ಬಡಿತ ಬಂತು. ಡಾಕ್ಟರು ತಕ್ಷಣ ಮಲಗಿಸಿ, ಬೆರಳು ಚುಚ್ಚಿ ಸಕ್ಕರೆ ನೋಡಿ, ಎದೆಗೆ ತಂತಿ ಹಚ್ಚಿ ಇ.ಸಿ.ಜಿ. ತೆಗೆದರು. ಗ್ಲೂಕೋಸ್ ಕೊಟ್ಟು ಮತ್ತೊಮ್ಮೆ ತೆಗೆದರು. ಎರಡನೆಯ ಕಾಗದದಲ್ಲಿ ಗೆರೆಗಳು ಸಾಲಾಗಿದ್ದವು. ಮೊದಲನೆಯದರಲ್ಲಿ ಒಂದರ ಮೇಲೊಂದು ಬಿದ್ದು ಓಡಿದ್ದವು. ನಡುನಡುವೆ ಒಂದು ಬಡಿತ ಅವಸರವಾಗಿ ಬಂದು, ಆಮೇಲೆ ಖಾಲಿ ಜಾಗ.

"ಸಕ್ರಿ ಇಳದಾಗ ಎದಿ ಹಿಂಗ ಹೌಹಾರತೈತಿ, ತಾಳಾನೂ ತಪ್ಪತೈತಿ. ಸಕ್ರಿ ಯಾವಾಗ್ಲೂ ಏರಿದ್ರೂ ವರ್ಷ ಕಳದಂಗ ಹೃದಯಕ್ಕ ಪೆಟ್ಟು. ಅರ್ಧಾ ರೊಟ್ಟಿ ತಿಂದು ಪೂರಾ ಇನ್ಸುಲಿನ್ ತಗೊಂಡ್ರ ಹೆಂಗವ್ವಾ?" ಎಂದರು.

ನಾನು ಆ ಖಾಲಿ ಜಾಗವನ್ನೇ ನೋಡುತ್ತಿದ್ದೆ. ಅಷ್ಟು ಹೊತ್ತು ನಾನು ಎಲ್ಲಿದ್ದೆ?

ಇನ್ಸುಲಿನ್ ಪ್ರಮಾಣ ಬದಲಾಯಿತು, ಹೊಟ್ಟೆತುಂಬ ತಿನ್ನತೊಡಗಿದೆ. ಬಡಿತ ನಿಂತಿತು. ದಾರದಿಂದಲೇ ನಿಂತಿತೆಂದು ಅವ್ವ ನಂಬಿದಳು.

ಕೆಲವು ವರ್ಷಗಳ ನಂತರ ಹಾವೇರಿಯ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೆ. ಒಂದು ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಯಾರೋ ಬಾಯಿಗೆ ಬೆಲ್ಲ ತುರುಕಿದರು. ಬಾಯಾರು, ನನ್ನ ಕಾಯಿಲೆ ಬಲ್ಲ ಪಕ್ಕದ ತರಗತಿಯ ಶಿಕ್ಷಕಿ. ತಿರುಗಿ ನೋಡಿದರೆ ಬೋರ್ಡಿನ ತುಂಬ ನನ್ನದೇ ಅಕ್ಷರದಲ್ಲಿ ಒಂದೇ ಸಾಲು, ಮೇಲಿಂದ ಕೆಳಗಿನವರೆಗೆ. ಮಕ್ಕಳು ಉಸಿರು ಬಿಗಿಹಿಡಿದು ಕುಳಿತಿದ್ದರು. ಎದೆ ಬಡಿದಿರಲಿಲ್ಲ, ಬೆವರೂ ಬಂದಿರಲಿಲ್ಲ.

"ಸಾಲಿ ಗಡಿಬಿಡಿಯೊಳಗ ಊಟ ತಪ್ಪಿ ಮ್ಯಾಲಿಂದ ಮ್ಯಾಲೆ ಸಕ್ರಿ ಇಳದ್ರ ಮೈ ಎಚ್ಚರಿಸೋದನ್ನ ಮರೀತೈತಿ" ಎಂದರು ಡಾಕ್ಟರು.

ಅಂದಿನಿಂದ ತರಗತಿಗೆ ಹೋಗುವ ಮುನ್ನ ಬೆರಳು ಚುಚ್ಚಿ ನೋಡಿಕೊಳ್ಳತೊಡಗಿದೆ. ಮಕ್ಕಳಿಗೂ ಹೇಳಿದೆ: "ಬರದದ್ದನ್ನ ಮತ್ತ ಬರದ್ನಿ ಅಂದ್ರ, ನನ್ನ ಕೇಳಬ್ಯಾಡ್ರಿ. ಬೆಲ್ಲ ತಿನಸ್ರಿ."