ಬ್ರಾಕೆಟ್ಟಿನೊಳಗೆ ಅಡಿಕೆ ಸಿಪ್ಪೆ

ನಿಮ್ಮ ಮನೆಯಲ್ಲೂ ‘ನೋಡೋಣ’ ಅಂದರೆ ‘ಆಗೋದಿಲ್ಲ’ ಅಂತಲೇ ಅರ್ಥವೋ, ಇಲ್ಲಾ ಆ ವಿದ್ಯೆ ನಮ್ಮ ಸಂತೇಬೆನ್ನೂರಿನವರಿಗೆ ಮಾತ್ರ ಒಲಿದಿದೆಯೋ? ನಿಜ ಹೇಳಿ. ನಾನು ಯಾರಿಗೂ ಹೇಳುವುದಿಲ್ಲ (ಪೇಪರಿನಲ್ಲಿ ಬರೆಯುತ್ತೇನೆ, ಅಷ್ಟೇ).

ಹೋದ ತಿಂಗಳು ಮೊಮ್ಮಗಳು ಚೈತ್ರಾ ಹವಾಮಾನದ ದೊಡ್ಡ ಸಭೆಗೆ ಹೊರಟಳು. ಜಗತ್ತಿನ ದೇಶಗಳೆಲ್ಲ ಕೂತು, ಭೂಮಿಯ ಜ್ವರ ಇಳಿಸುವುದು ಹೇಗೆ ಅಂತ ಜಗಳ ಆಡುವ ಸಭೆ. ಅಲ್ಲಿ ಹುಡುಗ ಹುಡುಗಿಯರ ತಂಡಕ್ಕೂ ಒಂದು ಮೂಲೆ ಇದೆಯಂತೆ. ಓಟಿಲ್ಲ. ಮಾತಾಡಲು ಎರಡು ನಿಮಿಷ, ಅದೂ ದೊಡ್ಡವರದೆಲ್ಲ ಮುಗಿದ ಮೇಲೆ. (ನನ್ನ ಮದುವೆ ಮಾತುಕತೆಯಲ್ಲಿ ನನಗೆ ಅಷ್ಟೂ ಸಿಕ್ಕಿರಲಿಲ್ಲ.)

ಹೊರಡುವ ಮುಂಚೆ ಪ್ರಾಕ್ಟೀಸ್ ಬೇಕು ಅಂದಳು. “ಅಜ್ಜಿ, ನೀನೊಂದು ದೊಡ್ಡ ದೇಶ. ನಾನು ಕೇಳ್ತೀನಿ, ನೀನು ತಪ್ಪಿಸ್ಕಾಬೇಕು.”

ತಪ್ಪಿಸಿಕೊಳ್ಳುವುದಾ? ಸೊಸೆಯಾಗಿ, ಆಮೇಲೆ ಅತ್ತೆಯಾಗಿ, ನಾನು ಇಷ್ಟು ವರ್ಷ ಮಾಡಿದ್ದು ಇನ್ನೇನು?

ಅವಳು ಎತ್ತಿಕೊಂಡಿದ್ದು ಅಡಿಕೆ ಸಿಪ್ಪೆಯ ವಿಷಯ. ಸುಲಿದ ಮೇಲೆ ಉಳಿಯುವ ಸಿಪ್ಪೆಯನ್ನು ನಾವು ರಸ್ತೆ ಬದಿಗೆ ಸುರಿದು ಬೆಂಕಿ ಇಡುತ್ತೇವೆ. ಅದು ಧಗಧಗ ಉರಿದು ಮುಗಿಯುವ ಪೈಕಿ ಅಲ್ಲ, ದಿನಗಟ್ಟಲೆ ಹೊಗೆಯಾಡುತ್ತದೆ. ಹೋದ ವರ್ಷ ಆ ಹೊಗೆಯಲ್ಲಿ ದಾರಿ ಕಾಣದೆ ಸ್ಕೂಟರ್ ಸಮೇತ ಬಿದ್ದು ಮೊಣಕೈ ಒಡೆದುಕೊಂಡವಳು ಇದೇ ಚೈತ್ರಾ. ಸುಡಬೇಡಿ, ಕೊಳೆಸಿ ಗೊಬ್ಬರ ಮಾಡಿ ಅನ್ನುವುದು ಅವಳ ಬೇಡಿಕೆ.

ನಾನು ಕಾಲ ಮೇಲೆ ಕಾಲು ಹಾಕಿ ಕೂತೆ. ಮೊದಲು ಹೊನ್ನಾಳಿಯವರು ನಿಲ್ಲಿಸಲಿ ಅಂದೆ. ನಮ್ಮ ಮಾವನ ಕಾಲದಿಂದ ಸುಡುತ್ತಿದ್ದೇವೆ, ಒಬ್ಬರಾದರೂ ಕೆಮ್ಮಿದ್ದು ಕಾಣೆ ಅಂದೆ (ಮಾವ ಕೆಮ್ಮುತ್ತಲೇ ಇದ್ದರು). ಅರ್ಧ ಮಾತ್ರ ಸುಡುತ್ತೇವೆ ಅಂದೆ. ಗೊಬ್ಬರದ ಗುಂಡಿ ನೀನೇ ತೋಡು ಅಂದೆ. ಕೊನೆಗೆ ಬ್ರಹ್ಮಾಸ್ತ್ರ: “ನೋಡಾಣ ತಗಾ.”

ಚೈತ್ರಾ ನಗಲಿಲ್ಲ. ಎಲ್ಲವನ್ನೂ ಬರೆದುಕೊಂಡು ವಿಮಾನ ಹತ್ತಿದಳು.

ವಾರದ ನಂತರ ಫೋನ್ ಬಂತು. ನಾನು ಅಂದಿದ್ದನ್ನೇ ಕೋಟು ಹಾಕಿದವರು ಇಂಗ್ಲಿಷಿನಲ್ಲಿ ಅಂದರಂತೆ. ಅದೇ ಸಾಲು, ಅದೇ ಕ್ರಮ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಒಂದು ದೇಶ ಕೊಟ್ಟಿದ್ದರೆ ನಡೆಸಿಬಿಡುತ್ತಿದ್ದೆನಲ್ಲ!

ನಿಮ್ಮ ತಂಡದ್ದು ಏನಾಯಿತು ಅಂದೆ. ಒಪ್ಪಂದದ ಕರಡಿನಲ್ಲಿ ‘ಮಾಡಬಹುದು’ ಇರುವ ಒಂದು ಕಡೆ ‘ಮಾಡಬೇಕು’ ಬರಲಿ ಅಂತ ಈ ಹುಡುಗರು ಕಂಡಕಂಡ ದೇಶದವರ ಹಿಂದೆ ಓಡಾಡಿದ್ದರಂತೆ. ಬಂತಾ?

“ಬಂತು. ಬ್ರಾಕೆಟ್ಟಲ್ಲಿ ಐತೆ.”

ಅಲ್ಲಿ ಎಲ್ಲರೂ ಒಪ್ಪದ ಪದವನ್ನು ಬ್ರಾಕೆಟ್ಟಿನಲ್ಲಿ ಇಡುತ್ತಾರಂತೆ. ಇದೆ ಅನ್ನುವ ಹಾಗೂ ಇಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ. ನನಗೆ ಕಸಿವಿಸಿಯಾಯಿತು. ಫೋನಿನಲ್ಲಿ ಟೈಪ್ ಮಾಡಲು ಕಲಿತ ಮೇಲೆ ನಾನು ಮೊದಲು ಪತ್ತೆ ಹಚ್ಚಿದ್ದೇ ಬ್ರಾಕೆಟ್ (ಅಲ್ಪವಿರಾಮ ಇನ್ನೂ ಸಿಕ್ಕಿಲ್ಲ, ಪೇಪರಿನವರೇ ಹಾಕಿಕೊಳ್ಳುತ್ತಾರೆ).

ಯಾವ ದೇಶದವರೇ ಅವರು, ಒಪ್ಪದವರು ಅಂತ ಜೋರು ಮಾಡಿದೆ.

“ಅವರನ್ನ ಬಿಡಜ್ಜಿ. ನೀನು ಒಪ್ಪಿದ್ಯಾ? ನಾನು ಅವತ್ತು ಆಟಕ್ಕೆ ಕೇಳಿರ್ಲಿಲ್ಲ.”

ಕಿಟಕಿಯಾಚೆ ಈ ವರ್ಷದ ರಾಶಿ ಒಣಗಿ ಕೂತಿತ್ತು. ಬೆಂಕಿ ಹಚ್ಚಲಾ ಅಂತ ಮಗ ಬೆಳಿಗ್ಗೆಯೇ ಕೇಳಿದ್ದ. ನಮ್ಮ ಮನೆಯಲ್ಲಿ ಅದಕ್ಕೆ ಅಪ್ಪಣೆ ಕೊಡುವವಳು ನಾನೇ. ಅವನಿಗೂ ನೋಡೋಣ ಅಂದಿದ್ದೆ.

ಫೋನಿಟ್ಟವಳೇ ಕಡ್ಡಿಪೆಟ್ಟಿಗೆಯನ್ನು ಅಕ್ಕಿ ಡಬ್ಬಿಯೊಳಗೆ ಹೂತೆ. ಆಮೇಲೆ ಕನ್ನಡಕ ಹಾಕಿಕೊಂಡು, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ವಾಟ್ಸಾಪ್ ಕಳಿಸಿದೆ: ‘ಈ ವರ್ಷ ಸಿಪ್ಪೆ ಸುಡಾದಿಲ್ಲ (ನೋಡಾಣ)’.

ಉತ್ತರ ತಕ್ಷಣ ಬಂತು: ‘ಅಜ್ಜಿ, ಬ್ರಾಕೆಟ್ ತೆಗ್ದು ಇನ್ನೊಂದ್ಸಲ ಕಳ್ಸು.’